ಆತ್ಮರಕ್ಷಣೆಯ ಮದ್ದುಗುಂಡುಗಳನ್ನು ಮನೆಯಲ್ಲಿ ಪರೀಕ್ಷಿಸಬಹುದೇ? – ಪರವಾನಗಿದಾರರು ಮತ್ತು ಅರ್ಜಿದಾರರಿಗೆ ಮಾಹಿತಿ

ಆತ್ಮರಕ್ಷಣೆಗಾಗಿ ಪಿಸ್ತೂಲು ಅಥವಾ ರಿವಾಲ್ವರ್ ಪರವಾನಗಿ ಪಡೆದ ಕೆಲವರು ತೋಟಾಗಳ ಸಾಮರ್ಥ್ಯವನ್ನು ಅರಿಯಲು ಹಿತ್ತಲಿನಲ್ಲಿ ಅಥವಾ ಜಮೀನಿನಲ್ಲಿ ನೀರು ತುಂಬಿದ ಕ್ಯಾನು, ನೆನೆಸಿದ ಪತ್ರಿಕೆಗಳ ಕಟ್ಟು, ಕಲ್ಲಂಗಡಿ ಮುಂತಾದವುಗಳಿಗೆ ಗುಂಡು ಹಾರಿಸಿ ನೋಡುವುದುಂಟು. ಇದರಿಂದ ನಂಬಲರ್ಹ ಫಲಿತಾಂಶ ದೊರೆಯುವುದಿಲ್ಲ. ಪ್ರಾಣಾಪಾಯ ಹಾಗೂ ಪರವಾನಗಿ ರದ್ದಾಗುವ ಸಂಭವ ಮಾತ್ರ ಉಂಟಾಗುತ್ತದೆ.

ಅ) ಫಲಿತಾಂಶ ಏಕೆ ನಂಬಲರ್ಹವಲ್ಲ?

ಅಮೆರಿಕದ ಎಫ್‌ಬಿಐ ಸಂಸ್ಥೆಯು 1986ರ ಮಿಯಾಮಿ ಗುಂಡಿನ ಕಾಳಗದ ನಂತರ ರೂಪಿಸಿದ ಪರೀಕ್ಷಾ ಕ್ರಮದಲ್ಲಿ ಶೇ. 10ರ ಸಾಂದ್ರತೆಯ ಜೆಲಾಟಿನ್ ಗಟ್ಟಿಯನ್ನು ಬಳಸಲಾಗುತ್ತದೆ. ಪ್ರತಿ ಗಟ್ಟಿಯ ಗುಣಮಟ್ಟವನ್ನು ಮೊದಲು ನಿಗದಿತ ವೇಗದ ಸಣ್ಣ ಉಕ್ಕಿನ ಗುಂಡಿನಿಂದ ತಾಳೆ ನೋಡಲಾಗುತ್ತದೆ. ಗುಂಡು 12ರಿಂದ 18 ಅಂಗುಲ ಒಳಹೊಗಬೇಕೆಂಬುದು ಅಲ್ಲಿನ ಅಳತೆ. ದಪ್ಪ ಬಟ್ಟೆ, ಪ್ಲೈವುಡ್, ವಾಹನದ ಗಾಜು ಇತ್ಯಾದಿ ತಡೆಗಳ ಮೂಲಕವೂ ಪರೀಕ್ಷೆ ನಡೆಯುತ್ತದೆ.

ಮನೆಯ ಪರೀಕ್ಷೆಯಲ್ಲಿ ಇಂತಹ ಅಳತೆಗೋಲು ಯಾವುದೂ ಇರುವುದಿಲ್ಲ. ನೀರಿನಲ್ಲಿ ಟೊಳ್ಳುಮೂತಿಯ ಗುಂಡು ಅತಿಯಾಗಿ ಅರಳುತ್ತದೆ; ಅದೇ ಗುಂಡು ಬಟ್ಟೆಯನ್ನು ಹಾಯುವಾಗ ಟೊಳ್ಳು ತುಂಬಿಕೊಂಡು ಅರಳದೆಯೂ ಇರಬಹುದು. ಒಂದೆರಡು ಗುಂಡು ಹಾರಿಸಿ ತೀರ್ಮಾನಕ್ಕೆ ಬರುವುದು ಸಮಂಜಸವಲ್ಲ.

ಆ) ಅಪಾಯಗಳು

1. ಪಿಸ್ತೂಲಿನ ಗುಂಡು ಒಂದು ಕಿಲೋಮೀಟರಿಗಿಂತಲೂ ದೂರ ಸಾಗಬಲ್ಲದು. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದಿದ್ದಲ್ಲಿ ಕಾಣದ ವ್ಯಕ್ತಿಗೂ ತಗಲಬಹುದು.
2. ಕಲ್ಲು, ಕಾಂಕ್ರೀಟ್ ಅಥವಾ ನೀರಿನ ಮೇಲ್ಮೈಗೆ ತಗಲಿದ ಗುಂಡು ದಿಕ್ಕು ಬದಲಿಸಿ ಸಿಡಿಯಬಹುದು.
3. ಮುಚ್ಚಿದ ಕೋಣೆಯಲ್ಲಿ ಸೀಸದ ಹೊಗೆ ಹಾಗೂ ಶಬ್ದದಿಂದ ಕುಟುಂಬದವರ ಆರೋಗ್ಯಕ್ಕೆ ಹಾನಿಯಾಗುತ್ತದೆ.

ಇ) ಕಾನೂನು ಏನು ಹೇಳುತ್ತದೆ?

ಆಯುಧ ಅಧಿನಿಯಮ, 1959ರ ಕಲಂ 3ರ ಮೇರೆಗೆ ನೀಡುವ ಪರವಾನಗಿಯು ಆಯುಧವನ್ನು ಹೊಂದಿರುವುದಕ್ಕೆ ಸಂಬಂಧಿಸಿದ್ದು. ಆಯುಧ ಮತ್ತು ಮದ್ದುಗುಂಡುಗಳ ಪರೀಕ್ಷೆಗೆ ಕಲಂ 5ರ ಮೇರೆಗೆ ಪ್ರತ್ಯೇಕ ಪರವಾನಗಿ ಅಗತ್ಯ.

2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 25(9)ರಂತೆ, ಇತರರ ಪ್ರಾಣಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಬಂದೂಕು ಬಳಸಿದವರಿಗೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿಯ ಷರತ್ತು ಉಲ್ಲಂಘಿಸಿದಲ್ಲಿ ಕಲಂ 30ರಡಿ ಶಿಕ್ಷೆಯೊಂದಿಗೆ, ಕಲಂ 17ರಡಿ ಪರವಾನಗಿಯನ್ನು ಅಮಾನತು ಅಥವಾ ರದ್ದು ಮಾಡಲು ಅವಕಾಶವಿದೆ.

ಕೊಡಗಿನ ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿಯು ಪರವಾನಗಿ ಪಡೆಯುವುದಕ್ಕೆ ಸಂಬಂಧಿಸಿದ್ದೇ ಹೊರತು ನಿರ್ಲಕ್ಷ್ಯದ ಗುಂಡು ಹಾರಾಟಕ್ಕಲ್ಲ.

ಈ) ಸರಿಯಾದ ಮಾರ್ಗ

1. ಆಯುಧ ನಿಯಮಗಳು, 2016ರ ನಿಯಮ 10ರಂತೆ ಸುರಕ್ಷತಾ ತರಬೇತಿಯನ್ನು ಪೂರೈಸತಕ್ಕದ್ದು.
2. ಅಭ್ಯಾಸವನ್ನು ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ, ತರಬೇತುದಾರರ ಸಮ್ಮುಖದಲ್ಲಿ ಮಾತ್ರ ಮಾಡತಕ್ಕದ್ದು.
3. ಅಧಿಕೃತ ಮಾರಾಟಗಾರರಿಂದ ಕಾರ್ಖಾನೆಯಲ್ಲಿ ತಯಾರಾದ ತೋಟಾಗಳನ್ನು ಮಾತ್ರ ಖರೀದಿಸಿ, ವಿವರವನ್ನು ಪರವಾನಗಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು.
4. ಹಳೆಯ, ತುಕ್ಕು ಹಿಡಿದ ಅಥವಾ ಸಿಡಿಯದ ತೋಟಾಗಳನ್ನು ಬಿಚ್ಚುವುದಾಗಲಿ, ಸುಡುವುದಾಗಲಿ, ಹೂಳುವುದಾಗಲಿ ಮಾಡಬಾರದು. ಅವುಗಳ ವಿಲೇವಾರಿಗೆ ಅಧಿಕೃತ ಮಾರಾಟಗಾರರನ್ನು ಅಥವಾ ಪೊಲೀಸ್ ಠಾಣೆಯನ್ನು ಸಂಪರ್ಕಿಸತಕ್ಕದ್ದು.

ಹೆಚ್ಚಿನ ಮಾಹಿತಿಗೆ ಪರವಾನಗಿ ನೀಡಿದ ಪ್ರಾಧಿಕಾರವನ್ನು, ಅಂದರೆ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯವರ ಕಚೇರಿಯನ್ನು, ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.