ನಿಮಗಿದು ಗೊತ್ತೆ? ತುಕ್ಕು ತಡೆಯುವ ಸಾರಜನಕ!
ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿರುವ ಸಾರಜನಕವೇ ಕೆಲವು ಮಡಚುವ ಚಾಕುಗಳನ್ನು ಸಮುದ್ರದ ಉಪ್ಪುನೀರಿನಿಂದ ಕಾಯುತ್ತದೆ!

ಉಕ್ಕು ಗಡಸಾಗುವುದು ಸಾಮಾನ್ಯವಾಗಿ ಇಂಗಾಲದಿಂದ. ಆದರೆ ಇಂಗಾಲ ಹೆಚ್ಚಾದರೆ ತುಕ್ಕು ತಡೆಯಬೇಕಾದ ಕ್ರೋಮಿಯಂ ಅದರ ಜತೆ ಸೇರಿ ಕಾರ್ಬೈಡ್ ಆಗಿಬಿಡುತ್ತದೆ. ‘ಎಲ್‌ಸಿ200ಎನ್’ ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.3 ಮಾತ್ರ. ಗಡಸುಗೊಳಿಸುವ ಉಳಿದ ಕೆಲಸ ಶೇ 0.4ರಷ್ಟು ಸಾರಜನಕದ್ದು. ಶೇ 15ರಷ್ಟಿರುವ ಕ್ರೋಮಿಯಂಗೆ ಆಗ ಕಾವಲು ಕಾಯಲು ಪುರುಸೊತ್ತು!

ಇಂಥ ಉಕ್ಕನ್ನು ಮೊದಲು ನೆಚ್ಚಿಕೊಂಡವರು ಚಾಕು ಮಾಡುವವರಲ್ಲ, ವಿಮಾನದ ಬೇರಿಂಗ್ ಮಾಡುವವರು. ಆಮೇಲೆ ಅಮೆರಿಕದ ಸ್ಪೈಡರ್ಕೊ ಕಂಪನಿಯ ‘ಸಾಲ್ಟ್’ ಸರಣಿಯ ಕೆಲವು ಚಾಕುಗಳಲ್ಲೂ ಇದು ಬಂತು.

ಕೊರತೆಯೂ ಉಂಟು. ಸವೆತ ತಡೆಯುವ ಕಾರ್ಬೈಡ್ ಕಡಿಮೆಯಾದ್ದರಿಂದ ಹಗ್ಗ, ರಟ್ಟು ಕುಯ್ಯುತ್ತಾ ಹೋದರೆ ಅಲಗು ಕಾರ್ಬೈಡ್ ಹೆಚ್ಚಿರುವ ‘ಎಸ್30ವಿ’ಯಂಥ ಉಕ್ಕಿಗಿಂತ ಬೇಗ ಮೊಂಡಾಗುತ್ತದೆ. ಸಾಣೆ ಹಿಡಿಯುವುದು ಮಾತ್ರ ಸಲೀಸು.