ಹಳೆಯ ಲಯನೆಲ್ ಟ್ರಾನ್ಸ್‌ಫಾರ್ಮರ್ ಕೈಗೆ ಬಂದರೆ

ಪ್ರಶ್ನೆ: ಅಮೆರಿಕದ ನೆಂಟರು ಹಳೆಯ ಲಯನೆಲ್ ಆಟಿಕೆ ರೈಲನ್ನು ಝಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರ್ ಸಮೇತ ಕೊಟ್ಟಿದ್ದಾರೆ. ನೇರವಾಗಿ ಪ್ಲಗ್‌ಗೆ ಹಾಕಬಹುದೇ?

ಉತ್ತರ: ದಯವಿಟ್ಟು ಬೇಡ. 1948ರಲ್ಲಿ ಬಂದ ಈ ಮಾದರಿ 115 ವೋಲ್ಟ್, 60 ಹರ್ಟ್ಸ್‌ ವಿದ್ಯುತ್ತಿಗೆ ಮಾಡಿದ್ದು. ನಮ್ಮ 230 ವೋಲ್ಟ್ ತಗುಲಿದರೆ ಸುರುಳಿ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿದರೂ ಇಲ್ಲಿನ 50 ಹರ್ಟ್ಸ್‌ ಬದಲಾಗದು. ಕಬ್ಬಿಣದ ತಿರುಳು ಹೆಚ್ಚು ಕಾಯುತ್ತದೆ. ಹಾಗಾಗಿ 100 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಒಳ್ಳೆಯದು.

ಅದಕ್ಕೂ ಮುಂಚೆ ವೈರು ನೋಡಿ. ಆ ಕಾಲದ ರಬ್ಬರ್ ಹೊದಿಕೆ ಒಣಗಿ, ಬಗ್ಗಿಸಿದರೆ ಬಿರಿಯುತ್ತದೆ. ಟೇಪ್ ಸುತ್ತಿ ಸುಮ್ಮನಾಗದೆ ಇಡೀ ವೈರು ಬದಲಿಸಿ. ಒಳಗೆ, ಹಿಡಿಯ ಜೊತೆ ಸರಿದು ಸುರುಳಿಯ ಬರಿ ತಂತಿಯ ಮೇಲೆ ಉರುಳುವ ಪುಟ್ಟ ಕಾರ್ಬನ್ ರೋಲರ್‌ಗಳಿವೆ. ಅವು ಸವೆದರೆ ಕಿಡಿ ಹಾರಿ ತಂತಿಯೇ ಹಾಳಾಗುತ್ತದೆ. ಹೊಸ ರೋಲರ್‌ಗಳು ಇಂದಿಗೂ ಸಿಗುತ್ತವೆ.

ಸೀಟಿಯ ವ್ಯವಸ್ಥೆಯಂತೂ ಸೊಗಸಾದದ್ದು. ರೈಲು ಓಡುವುದು ಎಸಿಯಲ್ಲಿ. ಸೀಟಿಯ ಹಿಡಿ ಒತ್ತಿದಾಗ ಒಂದು ರೆಕ್ಟಿಫೈಯರ್ ಬಿಲ್ಲೆ ಅದೇ ಹಳಿಗೆ ಸ್ವಲ್ಪ ಡಿಸಿ ಬೆರೆಸುತ್ತದೆ, ಬೋಗಿಯೊಳಗಿನ ರಿಲೇ ಅದನ್ನು ಗುರುತಿಸಿ ಸೀಟಿ ಊದಿಸುತ್ತದೆ. ಸೀಟಿ ಸತ್ತಿದ್ದರೆ ಮೊದಲು ಈ ಬಿಲ್ಲೆಯನ್ನೇ ಅನುಮಾನಿಸಿ. ಅದರ ಜಾಗಕ್ಕೆ ತಕ್ಕ ಸಾಮರ್ಥ್ಯದ ಸಿಲಿಕಾನ್ ಡಯೋಡ್ ಸಾಕು.

ಹಳೆಯ ಸರ್ಕ್ಯೂಟ್ ಬ್ರೇಕರ್ ನಿಧಾನ; ಹಳಿಗೆ ಹೋಗುವ ಪ್ರತಿ ತಂತಿಗೂ ಬೇರೆ ಫ್ಯೂಸ್ ಹಾಕಿ. ಮುಚ್ಚಳ ತೆರೆಯುವ ಅಭ್ಯಾಸವಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಕೊಡಿ. ಮಕ್ಕಳ ಕೈಗಂತೂ ಹೊಸ ವೈರು ಹಾಕುವ ತನಕ ಕೊಡಬೇಡಿ.