ನೂರು ವ್ಯಾಟ್‌ನ ಹಿಮ್ಮೇಳ

ಮೇ ತಿಂಗಳು ಮುಗಿಯುತ್ತ ಬಂದ ಹಾಗೆ ಹೊನ್ನಾವರದ ಆಸುಪಾಸಿನ ಊರುಗಳಿಗೆ ಯಕ್ಷಗಾನದ ಭಾಗವತರು ಮರಳುತ್ತಾರೆ. ದೀಪಾವಳಿಯ ಸುತ್ತಮುತ್ತ ಹೊರಟ ಮೇಳಗಳು ತಿರುಗಾಟ ಮುಗಿಸಿ ಪೆಟ್ಟಿಗೆ ಇಳಿಸುತ್ತವೆ. ಮದ್ದಲೆ, ಚಂಡೆಗಳ ಮುಚ್ಚಿಗೆ ಬದಲಾಯಿಸಲು ಆಗ ಪುರುಸೊತ್ತು ಸಿಗುತ್ತದೆ. ಜೂನ್ 1ರಿಂದ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ. ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ ಎಲ್ಲ ಕಡೆ ಬೋಟುಗಳಿಗೆ ರಜೆ. ಹಾಡುವವರೂ ಮನೆಯಲ್ಲಿ, ಕೇಳುವವರೂ ಮನೆಯಲ್ಲಿ, ಹೊರಗೆ ಧೋ ಎಂದು ಮಳೆ. ಈ ಮೂರು ತಾಲ್ಲೂಕುಗಳ ಕಲಾವಿದರನ್ನು ಕೂರಿಸಿಕೊಂಡು ಸಮುದಾಯ ಬಾನುಲಿಯಲ್ಲಿ ಕಾರ್ಯಕ್ರಮ ನಡೆಸಲು ಹೊರಟವರು ಮೈಕು ಕೊಳ್ಳುವ ಮೊದಲು ಒಂದು ಪಂಚಾಂಗ ಕೊಳ್ಳುವುದು ಒಳ್ಳೆಯದು.

ಏಕೆಂದರೆ ಇಲ್ಲಿನ ಸಂಗೀತಕ್ಕೆ ತಿಥಿಯಿದೆ. ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಸುಗ್ಗಿ ಕುಣಿಯುವುದು ಫಾಲ್ಗುಣದಲ್ಲಿ, ಹೋಳಿಯ ಹೊತ್ತಿಗೆ. ನಾಟಿಯ ಹಾಡು ಆಷಾಢದ ಕೆಸರಿನದು. ಮದುವೆಯ ಹಾಡಿಗೆ ಮದುವೆಯೇ ಬೇಕು, ಅದರಲ್ಲೂ ಅರಿಶಿನಕ್ಕೆ ಒಂದು, ಧಾರೆಗೆ ಇನ್ನೊಂದು. ಚೌತಿ ಬಂತೆಂದರೆ ಕೊಂಕಣಿ ಮನೆಗಳಲ್ಲಿ ಭಜನೆ, ಹಾರ್ಮೋನಿಯಂ, ತಬಲಾ. ಸರಕಾರಿ ಉತ್ಸವಗಳಿಗೇನೋ ಯಾವ ತಿಂಗಳಾದರೂ ಸುಗ್ಗಿ ಕುಣಿತ ಬೇಕು, ಮೆರವಣಿಗೆಯ ಮುಂದೆ ನಿಲ್ಲಿಸಲು. ರೇಡಿಯೊಗೆ ಆ ದರ್ದಿಲ್ಲ. ವಾರಕ್ಕೊಂದು ಗಂಟೆ, ವರ್ಷಪೂರ್ತಿ ಪ್ರಸಾರ ಇರುವವರು ಆಯಾ ಹಾಡನ್ನು ಅದರ ಹೊತ್ತಿನಲ್ಲೇ ಹಿಡಿಯಬಹುದು. ಅಷ್ಟು ತಾಳ್ಮೆ ಇಲ್ಲದವರಿಗೆ ಸಿನಿಮಾ ಹಾಡು ಇದ್ದೇ ಇದೆ. ಆದರೆ ಅದಕ್ಕೆ ಹಕ್ಕುದಾರರಿಗೆ ದುಡ್ಡು ಕೊಡಬೇಕು.

ಮಳೆಗಾಲದಲ್ಲಿ ಬಾನುಲಿಗೆ ಹೇಳಿ ಮಾಡಿಸಿದ ಒಂದು ಕಲೆಯೂ ಇದೆ: ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪದ್ಯ ಮತ್ತು ಮಾತು, ಅಷ್ಟೆ. ಧಾರವಾಡ ಆಕಾಶವಾಣಿ 1950ರಲ್ಲಿ, ಮಂಗಳೂರು ಕೇಂದ್ರ 1976ರಲ್ಲಿ ಶುರುವಾದವು. ಕರಾವಳಿಯ ಮನೆಗಳು ಅವುಗಳ ಮೂಲಕ ಯಕ್ಷಗಾನವನ್ನು ಕಣ್ಣು ಮುಚ್ಚಿ ಕೇಳಲು ಕಲಿತವು. ಕಾರವಾರ ಆಕಾಶವಾಣಿ ಬಂದ ಮೇಲೆ ಜಿಲ್ಲೆಯವರದೇ ದನಿಗಳಿಗೆ ಹತ್ತಿರದ ಒಂದು ಬಾಗಿಲು ಸಿಕ್ಕಿತು. ಹಾಗಿದ್ದರೆ ಸಮುದಾಯ ಬಾನುಲಿ ಇನ್ನೇನು ಮಾಡಬೇಕು?

ಅದನ್ನು ತಿಳಿಯಲು ಕಾನೂನಿನ ಕಡೆ ಸ್ವಲ್ಪ ನೋಡಬೇಕು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಪ್ರಸಾರಾಸಕ್ತರು ಲಾಭದ ಆಸೆಯಿಲ್ಲದ ಊರ ರೇಡಿಯೊ ಬೇಕು ಎಂದು ಘೋಷಣೆ ಹೊರಡಿಸಿದರು. ಸರಕಾರ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಒಪ್ಪಿತು; ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶವಾದದ್ದು 2006ರಲ್ಲಿ. ಈ ನಡುವಿನ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಪರವಾನಗಿಗೆ ಕಾಯುತ್ತ ಕೂರಲಿಲ್ಲ. ಹಳ್ಳಿಯವರೇ ಕಾರ್ಯಕ್ರಮ ಮುದ್ರಿಸಿ, ಕ್ಯಾಸೆಟ್ಟನ್ನು ಧ್ವನಿವರ್ಧಕದಲ್ಲಿ ಹಾಕಿದರು. ಆಮೇಲೆ ಟಿವಿ ಕೇಬಲ್ಲಿನ ತಂತಿಯಲ್ಲೇ ದನಿ ಕಳಿಸಿದರು. ಹಟ ಎಂದರೆ ಅದು.

ನಿಯಮಗಳ ಪ್ರಕಾರ ಇಂಥ ಕೇಂದ್ರದ ಪ್ರಸಾರ ಶಕ್ತಿ 100 ವ್ಯಾಟ್, ಆಂಟೆನಾ 30 ಮೀಟರ್ ಎತ್ತರದೊಳಗೆ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು. ಸ್ವಂತ ಸುದ್ದಿ ಪ್ರಸಾರ ಇಲ್ಲ. ದನಿ ಮುಟ್ಟುವುದು ಸುಮಾರು ಹತ್ತರಿಂದ ಹದಿನೈದು ಕಿಲೋಮೀಟರ್. ಅದೂ ಬಯಲುಸೀಮೆಯ ಲೆಕ್ಕ. ಎಫ್ಎಂ ತರಂಗ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಘಟ್ಟದ ಚಾಚುಗಳು ಕಡಲಿನವರೆಗೂ ಬರುತ್ತವೆ. ಹೊನ್ನಾವರದಲ್ಲಿ ಕೇಂದ್ರ ಇಟ್ಟರೆ ಕುಮಟಾಕ್ಕೆ ಸಿಕ್ಕರೂ ಸಿಕ್ಕಿತು, ಭಟ್ಕಳಕ್ಕೆ ಖಂಡಿತ ಇಲ್ಲ; ಪೇಟೆಯಿಂದ ನಾಲ್ಕೇ ಮೈಲಿ ಒಳಗಿರುವ ಕಣಿವೆಯ ಊರಿಗೂ ಇಲ್ಲದಿರಬಹುದು. ಪಡುವಣಕ್ಕೆ ಮಾತ್ರ ಯಾವ ತಡೆಯೂ ಇಲ್ಲ. ಅಡಿಕೆ ತೋಟದ ಮನೆಗೆ ಕೇಳಿಸದ ಭಾಗವತಿಕೆ ಕಡಲ ಮೇಲಿನ ದೋಣಿಗೆ ಕೇಳಿಸೀತು. ತಮಿಳುನಾಡಿನ ಪಾಂಬನ್ ದ್ವೀಪದಲ್ಲಿ ಮೀನುಗಾರರಿಗಾಗಿಯೇ 2016ರಲ್ಲಿ ಶುರುವಾದ ‘ಕಡಲ್ ಓಸೈ’ ಈ ಅನುಕೂಲವನ್ನು ಚೆನ್ನಾಗಿ ಅರಿತುಕೊಂಡ ಕೇಂದ್ರ.

ಇಷ್ಟು ಚಿಕ್ಕ ವ್ಯಾಪ್ತಿಯನ್ನು ಎಲ್ಲರೂ ಕೊರತೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನೈದು ಕಿಲೋಮೀಟರ್ ಒಳಗೆ ಹಾಡಿದವನ ದನಿ ಕೇಳಿ ‘ಇದು ಇಂಥವರ ಮಗ’ ಎಂದು ಗುರುತು ಹಿಡಿಯುವ ಜನ ಇರುತ್ತಾರೆ. ಅಲ್ಲಿ ನಿರೂಪಕ ಸುಳ್ಳು ಹೊಗಳಿಕೆ ಹೇಳಿದರೆ ಮರುದಿನ ಮೀನುಪೇಟೆಯಲ್ಲೇ ಸಿಕ್ಕಿಬೀಳುತ್ತಾನೆ. ತಪ್ಪು ತಾಳ ಹೇಳಿದರಂತೂ ಕೇಳುವುದೇ ಬೇಡ. ಝಂಪೆಗೂ ತ್ರಿವುಡೆಗೂ ವ್ಯತ್ಯಾಸ ಗೊತ್ತಿರುವ ಗೂಡಂಗಡಿಯವರು ಈ ಸೀಮೆಯಲ್ಲಿ ಕಡಿಮೆಯಿಲ್ಲ.

ಆಕಾಶವಾಣಿಯ ದಾರಿ ಬೇರೆ. ಅಲ್ಲಿ ಧ್ವನಿಪರೀಕ್ಷೆ, ಶ್ರೇಣಿ, ಕರಾರುಪತ್ರ. ಅದರಿಂದ ಮಟ್ಟ ಉಳಿಯಿತು ಎನ್ನುವುದನ್ನು ಅಲ್ಲಗಳೆಯಲಾಗದು. ಆದರೆ ಮಟ್ಟ ಅಳೆಯುವವರಿಗೂ ಭ್ರಮೆಗಳಿರುತ್ತವೆ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು. ಪರದೇಶದ ಪೆಟ್ಟಿಗೆ, ಅದರಲ್ಲಿ ಗಮಕ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂಬ ವಾದ. ಷರತ್ತಿನೊಡನೆ ಬಾಗಿಲು ತೆರೆದದ್ದು 1971ರಲ್ಲಿ. ಆ ಮೂರು ದಶಕಗಳಲ್ಲಿ ನಮ್ಮ ಕರಾವಳಿಯ ಭಜನಾ ಮಂದಿರಗಳಲ್ಲಿ, ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ಆರಾಮಾಗಿ ಹಾಡುತ್ತಲೇ ಇತ್ತು. ಯಕ್ಷಗಾನದ ಭಾಗವತರು ಇವತ್ತಿಗೂ ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಅದೇ ಪೆಟ್ಟಿಗೆಯ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ.

ಒಳ್ಳೆಯ ನಿರೂಪಕನ ಮೊದಲ ಪ್ರಶ್ನೆ ಇಂಥ ಕಡೆಯಿಂದ ಹುಟ್ಟಬೇಕು. ‘ನಿಮಗೆ ಕಲೆಯಲ್ಲಿ ಆಸಕ್ತಿ ಹೇಗೆ ಬಂತು?’ ಎಂದು ಶುರುಮಾಡಿದರೆ ‘ಚಿಕ್ಕಂದಿನಿಂದಲೂ’ ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಅದರ ಬದಲು, ‘ಭಾಗವತರೇ, ನಿಮ್ಮದು ಯಾವ ಶ್ರುತಿ? ನಿಮ್ಮ ಗುರುಗಳದ್ದು ಯಾವುದಿತ್ತು?’ ಎಂದು ಕೇಳಿ ನೋಡಿ. ಮೈಕು ಇಲ್ಲದ ಕಾಲದಲ್ಲಿ ಗದ್ದೆಯ ತುದಿಯವರೆಗೆ ಕೇಳಿಸಲು ಎಷ್ಟು ಏರಿಗೆ ಹಾಡುತ್ತಿದ್ದರು, ಶ್ರುತಿಗೆ ಪುಂಗಿ ಊದುತ್ತಿದ್ದದ್ದು ಹೋಗಿ ಹಾರ್ಮೋನಿಯಂ ಬಂದದ್ದು, ಅದೂ ಹೋಗಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದದ್ದು, ಬೆಳಗಿನ ಜಾವದ ಏರುಪದ್ಯಕ್ಕೆ ಗಂಟಲು ಉಳಿಸಿಕೊಳ್ಳುವ ಬಗೆ, ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಅರ್ಧ ಗಂಟೆ ಅಲ್ಲಿಗೇ ತುಂಬಿಹೋಗುತ್ತದೆ.

ಹೊನ್ನಾವರದಲ್ಲಿ ಇಂಥ ಮಾತಿಗೆ ಬರವಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ ಗುಣವಂತೆ. ಕಡತೋಕಾ ಎಂಬ ಊರಿನ ಹೆಸರೇ ಭಾಗವತಿಕೆಯ ಜೊತೆ ಅಂಟಿಕೊಂಡಿದೆ. ಅದೇ ತಾಲ್ಲೂಕಿನ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಬ್ಬ ಮಾಡಿತು. ಆದರೆ ಆಟದ ಕರಪತ್ರ ತೆಗೆದು ನೋಡಿ. ವೇಷಧಾರಿಗಳ ಹೆಸರು ದಪ್ಪಕ್ಷರದಲ್ಲಿ, ಭಾಗವತರದು ಅದರ ಮೇಲೆ ಅಥವಾ ಕೆಳಗೆ, ಮದ್ದಲೆ ಚಂಡೆಯವರದು ಕೊನೆಯ ಸಾಲಿನಲ್ಲಿ ಜಾಗ ಉಳಿದರೆ. ಮದ್ದಲೆಗಾರ ರಾತ್ರಿಯಿಡೀ ಭಾಗವತರ ಉಸಿರನ್ನು, ಕುಣಿಯುವವನ ಕಾಲನ್ನು ಒಟ್ಟಿಗೆ ಗಮನಿಸುತ್ತಿರುತ್ತಾನೆ. ಈ ಇಬ್ಬರ ಗುಟ್ಟೂ ಬಲ್ಲವನು ಅವನೊಬ್ಬನೇ. ಬಾನುಲಿಯಲ್ಲಿ ವೇಷ ಕಾಣುವುದಿಲ್ಲವಾದ್ದರಿಂದ ಹಿಮ್ಮೇಳವೇ ಮುಂದೆ ಬರುತ್ತದೆ. ಕರ್ಕಿಯ ಪ್ರಭಾಕರ ಭಂಡಾರಿಯವರಂಥ ಮದ್ದಲೆಗಾರರನ್ನು ಕೂರಿಸಿ ಒಂದೇ ತಾಳವನ್ನು ಬಿಡಿಸಿ ಹೇಳಿಸಿದರೆ ಆಟ ನೋಡಿ ಬೆಳೆದವರಿಗೂ ಹೊಸತು ಕೇಳಿಸುತ್ತದೆ.

ಮುದ್ರಣದ ಕಷ್ಟ ಬೇರೆಯೇ ಇದೆ. ಚಂಡೆಯನ್ನು ಚಿಕ್ಕ ಸ್ಟುಡಿಯೊದೊಳಗೆ ತಂದರೆ ಮೊದಲ ಪೆಟ್ಟಿಗೇ ದನಿ ಒಡೆದು ಉಳಿದದ್ದನ್ನೆಲ್ಲ ನುಂಗುತ್ತದೆ. ಅದನ್ನು ಬಾಗಿಲಾಚೆ ಚಾವಡಿಯಲ್ಲಿ ಕೂರಿಸಿ, ಮೈಕನ್ನು ಭಾಗವತರ ಎದುರಿಗಿಟ್ಟರೆ ತಕ್ಕಮಟ್ಟಿಗೆ ಸರಿ. ಸುಗ್ಗಿ ಕುಣಿತದ ಗುಮಟೆಯದು ಇದರ ತದ್ವಿರುದ್ಧ ಕಥೆ. ಕುಂಬಾರರು ಮಾಡಿದ ಎರಡು ಬಾಯಿಯ ಮಣ್ಣಿನ ಕೊಡ. ಒಂದು ಬಾಯಿಗೆ ಚರ್ಮ, ಇನ್ನೊಂದನ್ನು ಎಡಗೈಯಲ್ಲಿ ಮುಚ್ಚಿ ತೆರೆದು ದನಿಯನ್ನು ಬಗ್ಗಿಸುತ್ತಾರೆ. ಅಗ್ಗದ ಮೈಕಿಗೆ ಚರ್ಮದ ಪೆಟ್ಟು ಮಾತ್ರ ಸಿಗುತ್ತದೆ, ಕೊಡದ ಹೊಟ್ಟೆಯ ಗುಂಯ್ ಸಿಗುವುದಿಲ್ಲ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ, ಅದರ ನಾದ ಬೇರೆ. ಗೋವಾ ಸರಕಾರ 2019ರಲ್ಲಿ ತನ್ನ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಕಾಳಿ ನದಿಯ ಈಚೆಗೂ ಅದೇ ವಾದ್ಯ ಇದೆಯೆಂದು ನಮ್ಮಲ್ಲಿ ಯಾರಾದರೂ ರೇಡಿಯೊದಲ್ಲಾದರೂ ಹೇಳಬೇಡವೇ?

ಇನ್ನೊಂದು ಸೂಕ್ಷ್ಮ ವಿಷಯ, ಬಹುವಚನದ್ದು. ನಮ್ಮ ಕಡೆಯ ಆಡುಮಾತಿನಲ್ಲಿ ಭಾಗವತರು ‘ಅವರು’. ಗುಮಟೆ ಬಾರಿಸುವವನು, ದೇವಸ್ಥಾನದಲ್ಲಿ ವಾಲಗ ಊದುವವನು ಎಷ್ಟೋ ಬಾರಿ ‘ಅವನು’. ಮೈಕಿನ ಮುಂದೆ ಕೂತ ನಿರೂಪಕನ ಬಾಯಲ್ಲೂ ಇದು ತನಗರಿವಿಲ್ಲದೆ ಜಾರುತ್ತದೆ. ನಾನೇ ಮೇಲೆ ಮದ್ದಲೆಗಾರರನ್ನು ‘ಅವನು’ ಎಂದು ಬರೆದಿರುವುದನ್ನು ಓದುಗರು ಗಮನಿಸಿರಬಹುದು. ಗುಮಟೆಯವರನ್ನು ‘ಗೌಡ್ರೇ, ನೀವು’ ಎಂದು ಒಂದು ಗಂಟೆ ಕಾಲ ಇಡೀ ಸೀಮೆಗೆ ಕೇಳುವಂತೆ ಮಾತಾಡಿಸುವುದು ದೊಡ್ಡ ಕ್ರಾಂತಿಯಲ್ಲ ಸರಿ, ಆದರೆ ಕೇಳಿಸಿಕೊಳ್ಳುವ ಕೇರಿಗಳಿಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದ ಮೇಲೆ ಅವರನ್ನು ಎಲ್ಲರೂ ‘ಸುಕ್ರಜ್ಜಿ’ ಎಂದು ಕೊಂಡಾಡಿದರು. ಪ್ರಶಸ್ತಿ ಬರದ ಅಜ್ಜಿಯರು ಕುಮಟಾ, ಹೊನ್ನಾವರಗಳ ಕೊಪ್ಪಗಳಲ್ಲಿ ಇನ್ನೂ ಇದ್ದಾರೆ.

ಅವರ ಹಾಡಿನ ಪಠ್ಯ ಉಳಿದಿರುವುದು ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ಇಂಥವರು ಊರೂರು ತಿರುಗಿ ಬರೆದುಕೊಂಡದ್ದರಿಂದ. ಅಕ್ಷರ ಉಳಿಯಿತು, ಧಾಟಿ ಪುಸ್ತಕದೊಳಗೆ ಹೋಗಲಿಲ್ಲ. ಆ ಸಂಗ್ರಹಗಳನ್ನು ಕೈಯಲ್ಲಿ ಹಿಡಿದು, ‘ಈ ಹಾಡಿನ ಧಾಟಿ ಯಾರಿಗೆ ಬರುತ್ತದೆ?’ ಎಂದು ವಾರವಾರ ಪ್ರಸಾರದಲ್ಲಿ ಕೇಳುವ ಒಂದು ಕಾರ್ಯಕ್ರಮ ನಡೆಸಿದರೆ, ಉತ್ತರ ಮನೆಮನೆಯಿಂದ ಬಂದೀತು.

ಭಟ್ಕಳದಲ್ಲಿ ಕೆಲಸ ಇನ್ನಷ್ಟು ನಾಜೂಕಿನದು. ಅಲ್ಲಿ ಗೊಂಡ ಸಮುದಾಯದವರ ಢಕ್ಕೆ ಕುಣಿತವಿದೆ, ಶಿರಾಲಿಯ ಚಿತ್ರಾಪುರ ಮಠದ ಭಜನೆಯಿದೆ, ಕೊಂಕಣಿಯ ಒಡಲಿಗೆ ಅರಬಿ, ಪಾರಸಿ ಮಾತುಗಳು ಬೆರೆತ ನವಾಯತಿ ಇದೆ. ನವಾಯತಿಯಲ್ಲಿ ಪ್ರವಾದಿಯನ್ನು ಕೊಂಡಾಡುವ ನಾತ್‌ಗಳಿವೆ, ಕವಿಗೋಷ್ಠಿಗಳಿವೆ. ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಹಾಡುಗಳು ಒಳಮನೆಯವು, ಗಂಡಸು ಮೈಕು ಹಿಡಿದು ಹೋಗುವ ಜಾಗವಲ್ಲ. ಅಲ್ಲಿಗೆ ಆ ಮನೆಗಳ ಹುಡುಗಿಯೇ ನಿರೂಪಕಿಯಾಗಬೇಕು. ಹಾಡಿದವರು ‘ನನ್ನ ದನಿ ಹೊರಗೆ ಹೋಗುವುದು ಬೇಡ’ ಎಂದರೆ ಅದನ್ನು ಅಳಿಸುವ ಧೈರ್ಯವೂ ಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ರೇಡಿಯೊ ಸಾರಂಗ್’ 2009ರಿಂದ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಗಳಲ್ಲೂ ಮಾತಾಡುತ್ತ ಬಂದಿದೆ. ಒಂದೇ ಕೇಂದ್ರದೊಳಗೆ ನಾಲ್ಕು ಭಾಷೆಗಳು ಜಗಳವಿಲ್ಲದೆ ಸರದಿ ಕಾಯಬಲ್ಲವು ಎನ್ನುವುದಕ್ಕೆ ಭಟ್ಕಳದವರು ದೂರ ಹುಡುಕಬೇಕಿಲ್ಲ.

ಉಳಿದದ್ದು ದುಡ್ಡು. 2023ರಲ್ಲಿ ಕೇಂದ್ರ ಸರಕಾರ ಸಮುದಾಯ ಬಾನುಲಿಯ ಜಾಹೀರಾತಿನ ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ, ಸರಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿಸುವುದಾಗಿ ಪ್ರಕಟಿಸಿತು. ಜಾಹೀರಾತು ಸಿಕ್ಕರೆ ಈ ಲೆಕ್ಕ. ಸಿಗದಿದ್ದರೆ ಕರೆಂಟು ಬಿಲ್ಲೇ ಭಾರ. ಮಳೆಗಾಲದಲ್ಲಿ ಕರೆಂಟು ಇರುವುದೂ ಅಷ್ಟರಲ್ಲೇ ಇದೆ. ಕಲಾವಿದರಿಗೆ ದೊಡ್ಡ ಸಂಭಾವನೆ ಕೊಡಲು ಯಾವ ಚಿಕ್ಕ ಕೇಂದ್ರಕ್ಕೂ ಆಗಲಿಕ್ಕಿಲ್ಲ. ಬಸ್ಸಿನ ಖರ್ಚು, ಊಟ, ಅದರ ಜೊತೆಗೆ ಮುದ್ರಿಸಿದ್ದರ ಒಂದು ಪ್ರತಿ, ಇಷ್ಟನ್ನು ಕೊಡಬಹುದು. ಪ್ರತಿಯ ಮೇಲೆ ಹಾಡಿದವರ, ಬಾರಿಸಿದವರ, ಶ್ರುತಿ ಹಿಡಿದವರ ಹೆಸರು, ಊರು, ತಾರೀಖು ಬರೆದು ಕೊಡಬೇಕು. ಅವರ ಅನುಮತಿ ಇಲ್ಲದೆ ಬೇರೆಲ್ಲೂ ಬಳಸುವುದಿಲ್ಲ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದು ಸಹಿ ಹಾಕಬೇಕಾದವರು ಕೇಂದ್ರದವರು, ಕಲಾವಿದರಲ್ಲ.